ಡಬ್ಬಿಯ ಡಬಲ್ ಸೀಮ್: ಯಂತ್ರವನ್ನು ಹೊಂದಿಸುವುದು, ಅಂಚನ್ನು ಬಿಚ್ಚಿ ಪರೀಕ್ಷಿಸುವುದು

ಮಾವಿನ ತಿರುಳು ತುಂಬಿದ ಡಬ್ಬಿಗಳಲ್ಲಿ ನೂರಕ್ಕೆ ಒಂದೋ ಎರಡೋ ಗೋದಾಮಿನಲ್ಲಿ ಕೆಲವು ವಾರ ಕಳೆದ ಮೇಲೆ ಊದಿಕೊಂಡರೆ, ಸಣ್ಣ ಘಟಕಗಳಲ್ಲಿ ಮೊದಲು ಬೈಸಿಕೊಳ್ಳುವವನು ಕುದಿಯುವ ತೊಟ್ಟಿಯ ಬಳಿ ನಿಂತವನು. ಸರಿಯಾಗಿ ಕುದಿಸಿಲ್ಲ ಎಂಬುದು ಅವನ ಮೇಲಿನ ಆರೋಪ. ಆದರೆ ಕುದಿಸಿದ್ದು ಸಾಲದೇ ಹೋಗಿದ್ದರೆ ಆ ಕಂತಿನ ಬಹುಪಾಲು ಡಬ್ಬಿಗಳು ಒಟ್ಟಿಗೆ ಕೆಡಬೇಕಿತ್ತು. ಅಲ್ಲೊಂದು ಇಲ್ಲೊಂದು ಮಾತ್ರ ಕೆಟ್ಟಿದ್ದರೆ ಸಂಶಯ ಹೋಗಬೇಕಾದದ್ದು ಮುಚ್ಚಳವೂ ಡಬ್ಬಿಯ ಮೈಯೂ ಕೂಡುವ ಅಂಚಿನ, ಅಂದರೆ ಡಬಲ್ ಸೀಮಿನ, ಕಡೆಗೆ. ಆ ಅಂಚಿನ ಎತ್ತರ ಸುಮಾರು 3 ಮಿಲಿಮೀಟರ್. ಅದರ ಒಳಗೆ ಏನು ನಡೆದಿದೆ ಎಂಬುದು ಹೊರಗಿನಿಂದ ಕಾಣುವುದಿಲ್ಲ, ಹೊರನೋಟಕ್ಕೆ ಹೊಳೆಯುವ ಅಂಚೂ ಒಳಗೆ ಪೊಳ್ಳಾಗಿರಬಹುದು. ಆದ್ದರಿಂದ ಡಬ್ಬಿಯನ್ನು ಕತ್ತರಿಸಿ, ಅಂಚನ್ನು ಬಿಚ್ಚಿ, ಅಳೆದು ನೋಡುವ ಕೆಲಸವನ್ನು ಕಲಿಯದೆ ಆ ಅಂಚನ್ನು ಮಡಿಸಿ ಮುಚ್ಚುವ ಸೀಮರ್ ಯಂತ್ರವನ್ನು ನಡೆಸುವುದು ಕಣ್ಣು ಕಟ್ಟಿಕೊಂಡು ಗಾಡಿ ಓಡಿಸಿದಂತೆ.

ಈ ಬರಹವು ಸೆಮಿ ಆಟೋಮ್ಯಾಟಿಕ್ ಸೀಮರ್ ಇಟ್ಟುಕೊಂಡು ಹಣ್ಣು, ತಿರುಳು, ಜಾಮ್ ಅಥವಾ ತರಕಾರಿಯನ್ನು ತವರಲೇಪಿತ ಉಕ್ಕಿನ ಡಬ್ಬಿಗಳಲ್ಲಿ ತುಂಬುವವರನ್ನು ಮನಸ್ಸಿನಲ್ಲಿ ಇಟ್ಟುಕೊಂಡದ್ದು. ಯಂತ್ರ ಯಾರದೇ ಆಗಿರಲಿ, ತತ್ತ್ವ ಒಂದೇ. ಅದರ ಪ್ರತಿಯೊಂದು ಭಾಗವೂ ಯಾವುದೋ ಹಳೆಯ ತೊಂದರೆಗೆ ಉತ್ತರವಾಗಿ ಬಂದದ್ದು. ಆ ತೊಂದರೆ ಏನಾಗಿತ್ತೆಂದು ತಿಳಿದರೆ ಯಾವ ಬೋಲ್ಟನ್ನು ಏಕೆ ತಿರುಗಿಸುತ್ತಿದ್ದೇವೆ ಎಂಬುದು ಕೈಗೆ ತಾನಾಗಿ ಗೊತ್ತಾಗುತ್ತದೆ. ಹಾಗಾಗಿ ಸ್ವಲ್ಪ ಹಿಂದಿನಿಂದ ಆರಂಭಿಸುತ್ತೇನೆ.

ಬೆಸುಗೆಯಿಂದ ಮಡಿಕೆಗೆ

ಫ್ರಾನ್ಸಿನ ನಿಕೊಲಾ ಅಪೇರ್ 1810ರಲ್ಲಿ ಆಹಾರವನ್ನು ಗಾಜಿನ ಸೀಸೆಗಳಲ್ಲಿ ಮುಚ್ಚಿ ಕುದಿಸಿ ಕಾಪಾಡುವ ಕ್ರಮವನ್ನು ಪ್ರಕಟಿಸಿದ. ಅದೇ ವರ್ಷ ಲಂಡನ್ನಿನಲ್ಲಿ ಪೀಟರ್ ಡುರಾಂಡ್ ಲೋಹದ ಪಾತ್ರೆಯನ್ನೂ ಒಳಗೊಂಡ ಪೇಟೆಂಟ್ ಪಡೆದ. ಆ ಹಕ್ಕು ಬ್ರಯಾನ್ ಡಾಂಕಿನ್ ಮತ್ತು ಅವನ ಜೊತೆಗಾರರ ಕೈಗೆ ಬಂದು, 1813ರ ಹೊತ್ತಿಗೆ ಬರ್ಮಂಡ್ಸಿಯ ಅವರ ಕಾರ್ಖಾನೆಯಿಂದ ಬ್ರಿಟಿಷ್ ನೌಕಾಪಡೆಗೆ ಡಬ್ಬಿಗಳು ಹೋಗತೊಡಗಿದವು. ಅವೆಲ್ಲ ಕೈಯಿಂದ ಮಾಡಿದವು. ತಗಡನ್ನು ಕತ್ತರಿಸಿ, ಉರುಳೆಯ ಮೇಲೆ ಬಾಗಿಸಿ, ಪಕ್ಕದ ಅಂಚನ್ನು ಬೆಸೆದು, ಮೇಲೆ ಕೆಳಗೆ ಬಿಲ್ಲೆಗಳನ್ನು ಮತ್ತೆ ಬೆಸೆಯಬೇಕಿತ್ತು. ಪಳಗಿದ ಕೆಲಸಗಾರನಿಗೂ ಒಂದು ಗಂಟೆಯಲ್ಲಿ ಆಗುತ್ತಿದ್ದದ್ದು ಬೆರಳೆಣಿಕೆಯಷ್ಟು ಡಬ್ಬಿ. ಆಹಾರವನ್ನು ತುಂಬಲು ಮೇಲಿನ ಬಿಲ್ಲೆಯಲ್ಲಿ ಒಂದು ತೂತು ಬಿಟ್ಟಿರುತ್ತಿದ್ದರು. ಹಣ್ಣನ್ನಾಗಲಿ ಮಾಂಸವನ್ನಾಗಲಿ ಆ ತೂತಿನಲ್ಲಿ ತೂರುವಷ್ಟು ಸಣ್ಣಗೆ ಹೆಚ್ಚಿ ತುಂಬಿ, ಮೇಲೊಂದು ಸಣ್ಣ ಬಿಲ್ಲೆಯಿಟ್ಟು ಬೆಸೆದು, ಬಿಸಿಗಾಳಿ ಹೋದ ಮೇಲೆ ಕೊನೆಯ ಸೂಜಿತೂತನ್ನು ಬೆಸುಗೆಯ ಒಂದು ಹನಿಯಿಂದ ಮುಚ್ಚುತ್ತಿದ್ದರು.

1840ರ ದಶಕದಲ್ಲಿ ಅಮೆರಿಕದಲ್ಲಿ ಯಂತ್ರಗಳು ಬರತೊಡಗಿದವು. ಅಲನ್ ಟೇಲರ್ ಎಂಬಾತನ ಪ್ರೆಸ್ ಬಿಲ್ಲೆಯ ಅಂಚನ್ನು ಒಂದೇ ಪೆಟ್ಟಿಗೆ ಬಾಗಿಸುತ್ತಿತ್ತು. ಹೆನ್ರಿ ಇವಾನ್ಸ್‌ನ ಲೋಲಕದ ಪ್ರೆಸ್ ಬಿಲ್ಲೆಗಳನ್ನು ಇನ್ನೂ ವೇಗವಾಗಿ ಕತ್ತರಿಸಿ ರೂಪಿಸುತ್ತಿತ್ತು. ಗಂಟೆಗೆ ಐದಾರು ಆಗುತ್ತಿದ್ದ ಡಬ್ಬಿಗಳು ಐವತ್ತು ಅರವತ್ತಕ್ಕೆ ಏರಿದವು. ಆ ಶತಮಾನದ ಕೊನೆಯ ಭಾಗದಲ್ಲಿ ಡಬ್ಬಿಗಳನ್ನು ಓರೆಯಾಗಿ ಉರುಳಿಸುತ್ತಾ ಅವುಗಳ ಅಂಚನ್ನು ಕರಗಿದ ಬೆಸುಗೆಯಲ್ಲಿ ಅದ್ದಿ ಸಾಗಿಸುವ ಯಂತ್ರಗಳೂ ಬಂದವು. ಚಿಕಾಗೋದ ನಾರ್ಟನ್ ಸೋದರರು ಇಂಥ ಯಂತ್ರಗಳನ್ನು ಒಂದರ ಹಿಂದೆ ಒಂದನ್ನು ಜೋಡಿಸಿ ಸಾಲು ಮಾಡಿದರು, ಎಡ್ವಿನ್ ನಾರ್ಟನ್ 1901ರಲ್ಲಿ ಹುಟ್ಟಿದ ಅಮೆರಿಕನ್ ಕ್ಯಾನ್ ಕಂಪನಿಯ ಮೊದಲ ಅಧ್ಯಕ್ಷನಾದ.

ಇಷ್ಟಾದರೂ ಬೆಸುಗೆ ಹೋಗಿರಲಿಲ್ಲ. ಮುಚ್ಚಳವನ್ನು ಬೆಸುಗೆಯಿಲ್ಲದೆ, ಬರಿಯ ಮಡಿಕೆಯಿಂದ ಕೂರಿಸಬಹುದೇ ಎಂಬ ಪ್ರಶ್ನೆಗೆ ಕೆಲಸಕ್ಕೆ ಬರುವ ಉತ್ತರ ಕೊಟ್ಟದ್ದು 19ನೇ ಶತಮಾನದ ಕೊನೆಯ ವರ್ಷಗಳಲ್ಲಿ ನ್ಯೂಯಾರ್ಕಿನ ಮ್ಯಾಕ್ಸ್ ಆಮ್ಸ್ ಕಂಪನಿ. ತಗಡಿಗೆ ತಗಡನ್ನು ಎಷ್ಟು ಒತ್ತಿದರೂ ಸೂಕ್ಷ್ಮ ಸಂದು ಉಳಿದೇ ಉಳಿಯುತ್ತದೆ. ಆ ಸಂದನ್ನು ತುಂಬಲು ಮೊದಲು ರಬ್ಬರಿನ ಉಂಗುರವನ್ನು ಇಡುತ್ತಿದ್ದರು. ಅದು ದಪ್ಪ, ದುಬಾರಿ, ಜಾರುವಂಥದ್ದು. ಅದರ ಬದಲಿಗೆ ಮುಚ್ಚಳದ ಸುರುಳಿಯೊಳಗೆ ರಬ್ಬರಿನ ದ್ರಾವಣವನ್ನು ಹಚ್ಚಿ ಒಣಗಿಸುವ ಉಪಾಯವನ್ನು ಚಾರ್ಲ್ಸ್ ಆಮ್ಸ್ ಕಂಡುಕೊಂಡ. ಇಂದಿಗೂ ಮುಚ್ಚಳದ ಒಳಂಚಿನಲ್ಲಿ ಕಾಣುವ ಆ ತೆಳುವಾದ ಲೇಪಕ್ಕೆ ಕಾರ್ಖಾನೆಗಳಲ್ಲಿ ಕಾಂಪೌಂಡ್ ಎನ್ನುತ್ತಾರೆ. ಈ ಬಗೆಯ ಡಬ್ಬಿಯ ಬಾಯಿ ತುಂಬುವಾಗ ಪೂರ್ತಿ ತೆರೆದಿರುತ್ತದೆ, ಮುಚ್ಚಳಕ್ಕೆ ಬೆಸುಗೆ ತಾಗುವುದಿಲ್ಲ. ಆದ್ದರಿಂದ ಅದಕ್ಕೆ ಓಪನ್ ಟಾಪ್ ಸ್ಯಾನಿಟರಿ ಕ್ಯಾನ್ ಎಂಬ ಹೆಸರು ಬಂತು. ನಮ್ಮ ದೇಶದ ಘಟಕಗಳಲ್ಲಿ ಬಿಲ್ಲಿನ ಮೇಲೆ ಇಂದಿಗೂ ಒಟಿಎಸ್ ಎಂದು ಬರೆಯುತ್ತಾರಲ್ಲ, ಅದು ಇದೇ. ಬರೆಯುವವರಲ್ಲಿ ಹೆಚ್ಚಿನವರಿಗೆ ಆ ಮೂರು ಅಕ್ಷರಗಳ ವಯಸ್ಸು ನೂರು ದಾಟಿದೆ ಎಂಬುದು ಗೊತ್ತಿರಲಾರದು.

ಡಬ್ಬಿಯ ಮೈಯ ಎರಡು ತುದಿಗಳು ಕೂಡುವ ಪಕ್ಕದ ಹೊಲಿಗೆಯಲ್ಲಿ ಮಾತ್ರ ಸೀಸ ಬೆರೆತ ಬೆಸುಗೆ ಬಹಳ ಕಾಲ ಉಳಿಯಿತು. ಅದನ್ನು ಓಡಿಸಿದ್ದು ವೆಲ್ಡಿಂಗ್. ತವರದ ಲೇಪವಿರುವ ತಗಡನ್ನು ತಾಮ್ರದ ಉರುಳೆಗಳ ನಡುವೆ ವಿದ್ಯುತ್ ಹಾಯಿಸಿ ಬೆಸೆಯಹೊರಟರೆ ಕರಗಿದ ತವರ ಉರುಳೆಗೆ ಮೆತ್ತಿ ಕೆಲವೇ ಕ್ಷಣಗಳಲ್ಲಿ ಅದನ್ನು ಕೆಡಿಸುತ್ತದೆ. ಸ್ವಿಟ್ಜರ್ಲೆಂಡಿನ ಸೌಡ್ರೋನಿಕ್ ಕಂಪನಿಯ ಯಂತ್ರಗಳು ಉರುಳೆಯ ಮೇಲೆ ಸದಾ ಹೊಸದಾಗಿ ಹರಿಯುವ ತಾಮ್ರದ ತಂತಿಯನ್ನು ಇಟ್ಟವು. ತವರವನ್ನು ತಂತಿ ಹೊತ್ತುಕೊಂಡು ಹೋಗುತ್ತದೆ, ಉರುಳೆ ಸ್ವಚ್ಛವಾಗಿ ಉಳಿಯುತ್ತದೆ. ಅಮೆರಿಕದಲ್ಲಿ 1995ರಲ್ಲಿ ಸೀಸದ ಬೆಸುಗೆಯ ಆಹಾರ ಡಬ್ಬಿಗಳಿಗೆ ನಿಷೇಧ ಬಂತು. ಸೀಮರ್ ನಡೆಸುವವನಿಗೆ ಇದರಿಂದ ಆದ ಉಪಕಾರ ಬೇರೊಂದು: ಬೆಸೆದ ಹೊಲಿಗೆ ದಪ್ಪ, ವೆಲ್ಡ್ ಮಾಡಿದ್ದು ತೆಳು. ಹೊಲಿಗೆಯನ್ನು ದಾಟುವಾಗ ಅಂಚನ್ನು ಮಡಿಸುವ ಗಾಲಿ, ಅಂದರೆ ರೋಲ್, ಎಗರುವುದು ತಪ್ಪಿತು.

ಅಂಚಿನೊಳಗೆ ಏನಿರಬೇಕು

ಡಬ್ಬಿಯ ಮೈಯ ಬಾಯಂಚು ಹೊರಕ್ಕೆ ಬಾಗಿರುತ್ತದೆ. ಅದಕ್ಕೆ ಫ್ಲ್ಯಾಂಜ್ ಎಂದು ಹೆಸರು. ಮುಚ್ಚಳದ ಅಂಚು ಒಳಕ್ಕೆ ಸುರುಳಿ ಸುತ್ತಿರುತ್ತದೆ. ಡಬ್ಬಿಯನ್ನು ಲಿಫ್ಟರ್ ಎಂಬ ತಟ್ಟೆ ಮೇಲೆತ್ತಿ, ಮುಚ್ಚಳದ ತಗ್ಗಿನೊಳಗೆ ಸರಿಯಾಗಿ ಕೂರುವ ಚಕ್ ಎಂಬ ಗುಂಡು ಅಚ್ಚಿಗೆ ಒತ್ತಿ ಹಿಡಿಯುತ್ತದೆ. ಆಗ ಮೊದಲ ರೋಲ್ ಪಕ್ಕದಿಂದ ಬಂದು ಮುಚ್ಚಳದ ಸುರುಳಿಯನ್ನು ಫ್ಲ್ಯಾಂಜಿನ ಕೆಳಗೆ ತಳ್ಳಿ ಎರಡನ್ನೂ ಒಟ್ಟಿಗೆ ಮಡಿಸುತ್ತದೆ. ಎರಡು ಬೆರಳುಗಳನ್ನು ಕೊಕ್ಕೆಯಂತೆ ಬಾಗಿಸಿ ಒಂದಕ್ಕೊಂದು ಸಿಕ್ಕಿಸಿದಂತೆ ಆಗುತ್ತದೆ. ಮೈಯ ಕೊಕ್ಕೆ ಬಾಡಿ ಹುಕ್, ಮುಚ್ಚಳದ ಕೊಕ್ಕೆ ಕವರ್ ಹುಕ್. ಬಳಿಕ ಎರಡನೆಯ ರೋಲ್ ಬಂದು ಈ ಸಡಿಲ ಮಡಿಕೆಯನ್ನು ಒತ್ತಿ ಚಪ್ಪಟೆ ಮಾಡುತ್ತದೆ. ಕಾಂಪೌಂಡ್ ಹರಿದು ಉಳಿದ ಸಂದುಗಳನ್ನು ತುಂಬುತ್ತದೆ. ಮೊದಲ ರೋಲಿನ ತೋಡು ಕಿರಿದಾಗಿ ಆಳವಾಗಿರುವುದೂ, ಎರಡನೆಯದರ ತೋಡು ಅಗಲವಾಗಿ ಸಮತಟ್ಟಾಗಿರುವುದೂ ಈ ಕೆಲಸ ಹಂಚಿಕೆಯಿಂದಲೇ. ಒಂದು ಮಡಿಸುತ್ತದೆ, ಇನ್ನೊಂದು ಬಿಗಿಯುತ್ತದೆ.

ಕೈಗೂಡದ ಮಡಿಕೆಯನ್ನು ಎರಡನೆಯ ರೋಲ್ ಸರಿಪಡಿಸಲಾರದು. ನಾನು ಕಂಡ ಹೊಂದಾಣಿಕೆಯ ತಪ್ಪುಗಳಲ್ಲಿ ಹೆಚ್ಚಿನವು ಇಲ್ಲಿಂದಲೇ ಹುಟ್ಟಿದವು: ಅಂಚು ಸಡಿಲವೆನಿಸಿದ ಕೂಡಲೇ ಎರಡನೆಯ ರೋಲಿನ ಬೋಲ್ಟಿಗೆ ಸ್ಪ್ಯಾನರ್ ಹಾಕುವುದು. ಕಾಯಿಲೆ ಮೊದಲ ರೋಲಿನದು, ಔಷಧಿ ಮಾತ್ರ ಎರಡನೆಯದಕ್ಕೆ.

ಸೀಮರ್ ಹೊಂದಿಸುವ ಕ್ರಮ

ಮೊದಲು ವಿದ್ಯುತ್ ಕಡಿದು, ಯಂತ್ರವನ್ನು ಕೈಚಕ್ರದಿಂದ ಮಾತ್ರ ತಿರುಗಿಸಿ. ರೋಲ್ ಮತ್ತು ಚಕ್ ನಡುವೆ ಬೆರಳು ಸಿಕ್ಕರೆ ತಗಡಿಗೂ ಬೆರಳಿಗೂ ಯಂತ್ರ ವ್ಯತ್ಯಾಸ ಮಾಡುವುದಿಲ್ಲ.

ಡಬ್ಬಿಯ ಅಳತೆಯನ್ನು ಖಚಿತಪಡಿಸಿಕೊಳ್ಳಿ. ಅಳತೆಯ ಸಂಕೇತದಲ್ಲಿ ಮೊದಲ ಅಂಕೆ ಅಂಗುಲ, ಉಳಿದೆರಡು ಅಂಗುಲದ ಹದಿನಾರನೆಯ ಭಾಗಗಳು. 401×411 ಎಂದರೆ ವ್ಯಾಸ 4 ಅಂಗುಲ ಮತ್ತು 1/16, ಎತ್ತರ 4 ಅಂಗುಲ ಮತ್ತು 11/16. ಇದೇ ಎ 2½ ಡಬ್ಬಿ. ಮಾವಿನ ತಿರುಳನ್ನು ಸಾಮಾನ್ಯವಾಗಿ 3.1 ಕಿಲೋ ತುಂಬುವ ಎ 10 ಡಬ್ಬಿ 603×700. ಪ್ರತಿ ವ್ಯಾಸಕ್ಕೂ ಬೇರೆ ಚಕ್ ಬೇಕು. ಚಕ್ಕನ್ನು ಕೈಯಲ್ಲಿ ಹಿಡಿದು ಅದರ ಮೇಲೆ ಒಂದು ಮುಚ್ಚಳವನ್ನು ಕೂರಿಸಿ ನೋಡಿ: ಅಲ್ಲಾಡದಂತೆ ಕೂರಬೇಕು, ಆದರೆ ಬಲವಂತದಿಂದ ಅಲ್ಲ. ಚಕ್ಕಿನ ತುಟಿ ಸವೆದು ದುಂಡಗಾಗಿದ್ದರೆ ಅಥವಾ ಚಕ್ಕೆ ಎದ್ದಿದ್ದರೆ ಮುಂದಿನ ಯಾವ ಹೊಂದಾಣಿಕೆಯೂ ನಿಲ್ಲುವುದಿಲ್ಲ, ಅದನ್ನು ಬದಲಾಯಿಸಿಯೇ ಮುಂದುವರಿಯಬೇಕು.

ಚಪ್ಪಟೆ ಮಾಡಿ ಕಟ್ಟಿದ ಡಬ್ಬಿಗಳನ್ನು ತರಿಸಿಕೊಳ್ಳುವವರು ಇಲ್ಲಿ ಇನ್ನೊಂದು ಹೆಜ್ಜೆ ಹಿಂದೆ ಹೋಗಬೇಕು. ಸಾಗಾಟದ ಖರ್ಚು ಉಳಿಸಲು ಡಬ್ಬಿಯ ಮೈಯನ್ನು ಚಪ್ಪಟೆಯಾಗಿ ಕಳಿಸುವುದು ನಮ್ಮಲ್ಲಿ ಹಳೆಯ ರೂಢಿ. ರಿಫಾರ್ಮರ್ ಯಂತ್ರದಲ್ಲಿ ಅದನ್ನು ಮತ್ತೆ ಗುಂಡಾಗಿಸಿ, ಫ್ಲ್ಯಾಂಜರ್ ಯಂತ್ರದಲ್ಲಿ ಅಂಚು ಬಾಗಿಸಿ, ತಳದ ಮುಚ್ಚಳವನ್ನು ಕೂರಿಸಿ, ನೀರಿನಲ್ಲಿ ಮುಳುಗಿಸಿ ಗಾಳಿಯೊತ್ತಡ ಕೊಟ್ಟು ಗುಳ್ಳೆ ಬರುತ್ತದೆಯೇ ಎಂದು ನೋಡಬೇಕು. ಚಪ್ಪಟೆಯಾದ ಮಡಿಕೆಯ ಗೆರೆಯಲ್ಲೂ ಪಕ್ಕದ ಹೊಲಿಗೆಯ ಬಳಿಯೂ ಫ್ಲ್ಯಾಂಜ್ ಬಿರಿದಿದೆಯೇ ಎಂದು ಬೆರಳಿನಿಂದ ಸುತ್ತ ಸವರಿ ನೋಡಿ. ಬಿರಿದ ಫ್ಲ್ಯಾಂಜಿನ ಮೇಲೆ ಸೀಮರ್ ಚೆಂದದ ಅಂಚನ್ನೇ ಕೂರಿಸುತ್ತದೆ, ಸೋರುವುದು ಆಮೇಲೆ.

ಬಳಿಕ ಲಿಫ್ಟರ್‌ನ ಎತ್ತರ ಮತ್ತು ಅದರ ಸ್ಪ್ರಿಂಗಿನ ಒತ್ತಡ. ಬಾಡಿ ಹುಕ್ಕಿನ ಉದ್ದವನ್ನು ನಿರ್ಧರಿಸುವುದು ಮುಖ್ಯವಾಗಿ ಇದೇ. ಒತ್ತಡ ಹೆಚ್ಚಾದರೆ ಮೈಯ ತಗಡು ಹೆಚ್ಚು ಮೇಲೇರಿ ಬಾಡಿ ಹುಕ್ ಉದ್ದವಾಗುತ್ತದೆ, ಕಡಿಮೆಯಾದರೆ ಗಿಡ್ಡವಾಗುತ್ತದೆ; ತೀರಾ ಕಡಿಮೆಯಾದರೆ ಡಬ್ಬಿ ಚಕ್ಕಿನ ಮೇಲೆ ಜಾರಿ, ಅಂಚಿನ ಒಂದು ಭಾಗ ಬಿಗಿಯಾಗದೆ ಉಳಿಯುತ್ತದೆ. ಚಕ್ಕಿನ ಮೇಲೆ ಎಣ್ಣೆ ಅಥವಾ ತಿರುಳಿನ ಪಸೆ ಇದ್ದರೂ ಹೀಗೆಯೇ ಜಾರುತ್ತದೆ, ಆದ್ದರಿಂದ ಸ್ಪ್ರಿಂಗನ್ನು ಮುಟ್ಟುವ ಮೊದಲು ಚಕ್ಕನ್ನು ಒರೆಸಿ ನೋಡಿ.

ರೋಲ್‌ಗಳನ್ನು ಚಕ್ಕಿಗೆ ಎತ್ತರದಲ್ಲಿ ಹೊಂದಿಸುವಾಗ ರೋಲಿನ ಅಂಚು ಚಕ್ಕಿನ ತುಟಿಯ ಮೇಲ್ಭಾಗಕ್ಕೆ ಉಜ್ಜಬಾರದು, ಆದರೆ ನಡುವಿನ ಸಂದು, ಸಂದು ಅಳೆಯುವ ಫೀಲರ್ ಗೇಜಿನ ಅತಿ ತೆಳುವಾದ ಎಲೆ ತೂರುವಷ್ಟು ಮಾತ್ರ ಇರಬೇಕು. ರೋಲನ್ನು ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿ. ಬೇರಿಂಗ್ ಸವೆದು ಆಟ ಕಂಡರೆ ಎಷ್ಟು ಹೊಂದಿಸಿದರೂ ಹತ್ತು ಡಬ್ಬಿಗಳೊಳಗೆ ಅದು ಮೊದಲಿನಂತಾಗುತ್ತದೆ.

ಈಗ ಎರಡನೆಯ ರೋಲನ್ನು ಪೂರ್ತಿ ಹಿಂದೆ ಸರಿಸಿ, ಮೊದಲ ರೋಲಿನಿಂದ ಮಾತ್ರ ಮೂರು ನಾಲ್ಕು ಡಬ್ಬಿಗಳನ್ನು ಮುಚ್ಚಿ. ಈ ಅರ್ಧ ಅಂಚನ್ನು ಗರಗಸದಿಂದ ಅಡ್ಡ ಕತ್ತರಿಸಿ ಭೂತಗನ್ನಡಿಯಲ್ಲಿ ನೋಡಿದರೆ ಕಾಣಬೇಕಾದದ್ದು ಇಷ್ಟು: ಮುಚ್ಚಳದ ಸುರುಳಿ ಒಳಕ್ಕೆ ಪೂರ್ತಿ ತಿರುಗಿ ಡಬ್ಬಿಯ ಮೈಯನ್ನು ತಾಗುವಷ್ಟು ಬಂದಿರಬೇಕು, ಅಂಚಿನ ಕೆಳಭಾಗ ಸ್ವಲ್ಪ ದುಂಡಾಗಿರಬೇಕು. ಸುರುಳಿ ಮೈಯಿಂದ ದೂರ ನಿಂತಿದ್ದರೆ ರೋಲ್ ಸಡಿಲ. ಕೆಳಭಾಗ ಈಗಲೇ ಚಪ್ಪಟೆಯಾಗಿದ್ದರೆ ರೋಲ್ ಬಿಗಿ. ಈ ಹದ ಸಿಗುವ ತನಕ ಎರಡನೆಯ ರೋಲನ್ನು ಮುಟ್ಟಬೇಡಿ. ಅರ್ಧ ದಿನ ಇದರಲ್ಲಿಯೇ ಹೋದರೂ ಅದು ನಷ್ಟವಲ್ಲ.

ಎರಡನೆಯ ರೋಲಿನ ಹೊಂದಾಣಿಕೆಗೆ ಅಂಚಿನ ದಪ್ಪವೇ ದಾರಿ ತೋರಿಸುತ್ತದೆ. ಅಂಚಿನಲ್ಲಿ ಮುಚ್ಚಳದ ತಗಡು ಮೂರು ಪದರ, ಮೈಯ ತಗಡು ಎರಡು ಪದರ ಇರುತ್ತದೆ. ಮುಚ್ಚಳ 0.25, ಮೈ 0.22 ಮಿಲಿಮೀಟರ್ ದಪ್ಪವಿದ್ದರೆ ಬರಿಯ ತಗಡು 0.75 ಮತ್ತು 0.44 ಸೇರಿ 1.19 ಆಯಿತು. ಪದರಗಳ ನಡುವೆ ಕಾಂಪೌಂಡಿಗೆ ಒಟ್ಟು 0.13ರಷ್ಟು ಜಾಗ ಬಿಟ್ಟರೆ ಅಂಚಿನ ದಪ್ಪ ಸುಮಾರು 1.32 ಮಿಲಿಮೀಟರ್ ಆಗಬೇಕು. ನಿಮ್ಮ ತಗಡಿನ ದಪ್ಪ ಬೇರೆಯಿದ್ದರೆ ನಿಮ್ಮ ಗುರಿಯೂ ಬೇರೆ. ಪಕ್ಕದ ಊರಿನ ಘಟಕದ ಗೋಡೆಯ ಮೇಲಿನ ಪಟ್ಟಿಯನ್ನು ನಕಲು ಮಾಡಿ ತರಬೇಡಿ. ಡಬ್ಬಿ ಮಾರುವವರು ಕೊಡುವ ಅಳತೆಯ ಹಾಳೆಯನ್ನು ಕೇಳಿ ಪಡೆಯಿರಿ, ಅದರ ಮಿತಿಗಳೇ ಕೊನೆಯ ಮಾತು.

ಹೊರಗಿನಿಂದ ನೋಡುವುದು

ಯಂತ್ರ ನಡೆಯುತ್ತಿರುವಾಗ ಅರ್ಧ ಗಂಟೆಗೊಮ್ಮೆಯಾದರೂ ಪ್ರತಿ ಸೀಮಿಂಗ್ ಹೆಡ್ಡಿನಿಂದ (ಒಂದು ಚಕ್ ಮತ್ತು ಅದರ ರೋಲುಗಳ ಜೋಡಣೆ) ಒಂದೊಂದು ಡಬ್ಬಿಯನ್ನು ಎತ್ತಿ ಕಣ್ಣಿನಿಂದ ನೋಡಬೇಕು. ಬಿಚ್ಚಿ ಅಳೆಯುವ ಒಂದು ಪರೀಕ್ಷೆಯಿಂದ ಇನ್ನೊಂದಕ್ಕೆ ನಾಲ್ಕು ಗಂಟೆ ಮೀರಬಾರದು. ಹುಳಿ ಕಡಿಮೆಯಿರುವ ಆಹಾರವನ್ನು ಡಬ್ಬಿ ಮಾಡುವವರಿಗೆ ಅಮೆರಿಕದ ಆಹಾರ ಮತ್ತು ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ ನಿಯಮಗಳು ವಿಧಿಸುವ ಅವಧಿಗಳಿವು. ಮಾವಿನ ತಿರುಳಿನಂಥ ಹುಳಿ ಪದಾರ್ಥದಲ್ಲಿ ಬಾಟ್ಯುಲಿಸಮ್ ಎಂಬ ಮಾರಕ ಆಹಾರವಿಷಬಾಧೆ ತರುವ ಬ್ಯಾಕ್ಟೀರಿಯಾ ಬೆಳೆಯುವ ಭಯವಿಲ್ಲ, ಯೀಸ್ಟ್ ಹೊಕ್ಕು ಸರಕು ಹಾಳಾಗುವ ಭಯ ಮಾತ್ರ. ಆದರೆ ಬಟಾಣಿ, ಪಲ್ಯ, ಅಣಬೆಯಂಥವನ್ನು ಮುಚ್ಚುವವರಿಗೆ ಸೋರುವ ಅಂಚು ಪ್ರಾಣಕ್ಕೆ ಸಂಬಂಧಿಸಿದ್ದು. ಎರಡಕ್ಕೂ ಒಂದೇ ಶಿಸ್ತನ್ನು ಪಾಲಿಸುವುದು ಒಳ್ಳೆಯದೆಂಬುದು ನನ್ನ ಅಭಿಪ್ರಾಯ. ಯಂತ್ರದಲ್ಲಿ ಡಬ್ಬಿ ಸಿಕ್ಕಿಕೊಂಡು ನಿಂತು ಮತ್ತೆ ಹೊರಟಾಗ, ಊಟದ ಬಿಡುವಿನ ನಂತರ, ಮುಚ್ಚಳದ ಹೊಸ ಕಟ್ಟು ಬಿಚ್ಚಿದಾಗ ಅವಧಿಗೆ ಕಾಯದೆ ನೋಡಬೇಕು.

ಹೆಬ್ಬೆರಳನ್ನು ಅಂಚಿನ ಒಳಬದಿಯಲ್ಲೂ ತೋರುಬೆರಳನ್ನು ಹೊರಬದಿಯಲ್ಲೂ ಇಟ್ಟು ಸುತ್ತ ಓಡಿಸಿ. ಒಳಬದಿಯ ಮೇಲ್ತುದಿಯಲ್ಲಿ ಕತ್ತಿಯಂಚಿನಂತೆ ಹರಿತ ಸಿಕ್ಕರೆ ತಗಡು ಚಕ್ಕಿನ ಮೇಲೆ ಹಿಂಡಿಹೋಗಿದೆ ಎಂದರ್ಥ. ಅದು ಬಿರಿದಿದ್ದರೆ ಇನ್ನೂ ಕೆಟ್ಟದ್ದು. ಹೊರಬದಿಯ ಕೆಳಗಡೆ ಮಡಿಕೆ ನಾಲಿಗೆಯಂತೆ ಜೋತಿದ್ದರೆ ಅಲ್ಲಿ ಕೊಕ್ಕೆಗಳು ಸಿಕ್ಕಿಕೊಂಡಿಲ್ಲ. ಪಕ್ಕದ ಹೊಲಿಗೆಯ ಜಾಗದಲ್ಲಿ ಅತಿ ಸ್ವಲ್ಪ ಜೋಲು ಸಹಜ, ಬೇರೆಡೆ ಅಲ್ಲ. ಫ್ಲ್ಯಾಂಜ್ ಮೊದಲೇ ಬಾಗಿದ್ದರೆ ಮುಚ್ಚಳ ಮತ್ತು ಮೈ ಸುಮ್ಮನೆ ಪಕ್ಕಪಕ್ಕ ಒತ್ತಿ ನಿಂತಿರುವ ಸುಳ್ಳು ಅಂಚು ಉಂಟಾಗುತ್ತದೆ, ಇದನ್ನು ಹೊರಗಿನಿಂದ ಹಿಡಿಯುವುದು ಎಲ್ಲಕ್ಕಿಂತ ಕಷ್ಟ.

ಬಿಚ್ಚಿ ಅಳೆಯುವುದು

ಬೇಕಾದದ್ದು ಸೀಮ್ ಮೈಕ್ರೊಮೀಟರ್, ಮುಚ್ಚಳದ ತಗ್ಗಿನ, ಅಂದರೆ ಕೌಂಟರ್‌ಸಿಂಕ್ ಆಳ ಅಳೆಯುವ ಗೇಜ್, ತಗಡಿನ ಕತ್ತರಿ, ಇಕ್ಕಳ, ಸಣ್ಣ ಸುತ್ತಿಗೆ, ಭೂತಗನ್ನಡಿ. ಮೈಕ್ರೊಮೀಟರನ್ನು ಮುಚ್ಚಿ ಸೊನ್ನೆ ತೋರಿಸುತ್ತದೆಯೇ ಎಂದು ದಿನವೂ ನೋಡಿಕೊಳ್ಳಿ.

ಕತ್ತರಿಸುವ ಮೊದಲೇ ಹೊರಗಿನ ಅಳತೆಗಳನ್ನು ಮುಗಿಸಬೇಕು. ಪಕ್ಕದ ಹೊಲಿಗೆಯಿಂದ ಸ್ವಲ್ಪ ಸರಿದು, ಒಂದರಿಂದೊಂದು 120 ಡಿಗ್ರಿ ದೂರದ ಮೂರು ಜಾಗಗಳನ್ನು ಗುರುತು ಮಾಡಿ, ಮೂರರಲ್ಲೂ ಅಂಚಿನ ದಪ್ಪ, ಅಂಚಿನ ಉದ್ದ (ಮೇಲಿನಿಂದ ಕೆಳಕ್ಕಿರುವ ಎತ್ತರ), ಮತ್ತು ಅಂಚಿನ ತುದಿಯಿಂದ ಮುಚ್ಚಳದ ತಗ್ಗಿನ ತನಕದ ಆಳವನ್ನು ಬರೆದುಕೊಳ್ಳಿ. ದಪ್ಪ ಅಳೆಯುವಾಗ ಮೈಕ್ರೊಮೀಟರಿನ ಮೇಲೆ ತೋರುಬೆರಳಿಟ್ಟು ಅದನ್ನು ಮುಚ್ಚಳದ ಒಳಗೋಡೆಯ ಓರೆಗೆ ಸಮವಾಗಿ ನಿಲ್ಲಿಸಬೇಕು. ನೆಟ್ಟಗೆ ಹಿಡಿದರೆ ಓರೆಯೂ ಸೇರಿ ದಪ್ಪ ಹೆಚ್ಚು ಕಾಣುತ್ತದೆ. ಹೊಸಬರ ಅಳತೆಗಳು ಹಳಬರ ಅಳತೆಗಳಿಗಿಂತ ಸದಾ ದಪ್ಪವಾಗಿರುವುದಕ್ಕೆ ಕಾರಣ ಇಷ್ಟೇ.

ಇನ್ನು ಮುಚ್ಚಳದ ನಡುಭಾಗವನ್ನು ಅಂಚಿನಿಂದ ಸುಮಾರು ಒಂದು ಸೆಂಟಿಮೀಟರ್ ಒಳಗೆ ಸುತ್ತಲೂ ಕತ್ತರಿಸಿ ತೆಗೆಯಿರಿ. ಉಳಿದ ಪಟ್ಟಿಗೆ ಒಂದು ಕಡೆ ಅಂಚಿನ ತನಕ ಕತ್ತರಿ ಹಾಕಿ, ಇಕ್ಕಳದಿಂದ ಹಿಡಿದು ಸುತ್ತಲೂ ಎಳೆದು ಕಿತ್ತರೆ ಅಂಚಿನ ಒಳಗೋಡೆ ಹೊರಬರುತ್ತದೆ. ಈಗ ಕವರ್ ಹುಕ್ ಬಾಡಿ ಹುಕ್ಕಿಗೆ ತಗಲಿ ನಿಂತಿರುವುದು ಕಾಣುತ್ತದೆ. ಸುತ್ತಿಗೆಯಿಂದ ಮೆಲ್ಲಗೆ ಕೆಳಕ್ಕೆ ತಟ್ಟಿದರೆ ಕವರ್ ಹುಕ್ ಉಂಗುರದಂತೆ ಕಳಚಿಕೊಳ್ಳುತ್ತದೆ. ಜೋರಾಗಿ ಬಡಿದರೆ ಕೊಕ್ಕೆಯೇ ಬಾಗಿ ಅಳತೆ ತಪ್ಪುತ್ತದೆ. ಗುರುತು ಮಾಡಿದ ಮೂರು ಜಾಗಗಳಲ್ಲಿ ಎರಡೂ ಕೊಕ್ಕೆಗಳ ಉದ್ದವನ್ನು ಅಳೆಯಿರಿ.

ಕಳಚಿದ ಕವರ್ ಹುಕ್ಕನ್ನು ಬೆಳಕಿಗೆ ಹಿಡಿದು ಸುಕ್ಕು ನೋಡುವುದೇ ಇಡೀ ಪರೀಕ್ಷೆಯ ಜೀವಾಳ. ಮುಚ್ಚಳದ ಅಂಚು ಒಳಕ್ಕೆ ಮಡಿಯುವಾಗ ದೊಡ್ಡ ಸುತ್ತಳತೆಯಿಂದ ಸಣ್ಣ ಸುತ್ತಳತೆಗೆ ಇಳಿಯುತ್ತದೆ. ಸೀರೆಯ ಸೆರಗನ್ನು ಬಳಸಿ ಸುತ್ತಿದಾಗ ನಿರಿಗೆ ಬೀಳುವಂತೆ ಹೆಚ್ಚುವರಿ ತಗಡು ಅಲೆಅಲೆಯಾಗುತ್ತದೆ. ಎರಡನೆಯ ರೋಲ್ ಚೆನ್ನಾಗಿ ಒತ್ತಿದ್ದರೆ ಆ ನಿರಿಗೆಗಳು ಇಸ್ತ್ರಿ ಮಾಡಿದಂತೆ ಅಳಿಯುತ್ತವೆ. ಸುಕ್ಕು ಕೊಕ್ಕೆಯ ಉದ್ದದಲ್ಲಿ ಕಾಲುಭಾಗ ಇಳಿದಿದ್ದರೆ ಬಿಗಿತ 75, ಅರ್ಧ ಇಳಿದಿದ್ದರೆ 50 ಎಂದು ಬರೆಯುವುದು ರೂಢಿ. ಅತಿ ಆಳವಾದ ಸುಕ್ಕನ್ನೇ ಲೆಕ್ಕಕ್ಕೆ ತೆಗೆದುಕೊಳ್ಳಬೇಕು, ಸರಾಸರಿಯನ್ನಲ್ಲ. ಸೋರುವುದು ಸರಾಸರಿಯಲ್ಲಿ ಅಲ್ಲವಲ್ಲ. ವ್ಯಾಸ ಕಡಿಮೆಯಾದಷ್ಟೂ ಸುಕ್ಕು ಹೆಚ್ಚು, ಆದ್ದರಿಂದ ಸಣ್ಣ ಡಬ್ಬಿ ಸುಲಭವೆಂದು ತಿಳಿಯಬಾರದು. ಡಬ್ಬಿಯ ಮೈಯ ಒಳಗಡೆ, ಅಂಚಿನ ನೇರಕ್ಕೆ, ಚಕ್ ಒತ್ತಿದ ತೆಳು ಗೆರೆ ಸುತ್ತಲೂ ಒಂದೇ ಸಮನಾಗಿ ಕಂಡರೆ ಅದು ಬಿಗಿತದ ಇನ್ನೊಂದು ಸಾಕ್ಷಿ.

ಓವರ್‌ಲ್ಯಾಪ್ ಲೆಕ್ಕ

ಎರಡು ಕೊಕ್ಕೆಗಳೂ ಉದ್ದವಾಗಿದ್ದರೆ ಸಾಲದು, ಅವು ಒಂದರ ಮೇಲೊಂದು ಎಷ್ಟು ಹಾದಿವೆ ಎಂಬುದು ಮುಖ್ಯ. ಬಾಡಿ ಹುಕ್, ಕವರ್ ಹುಕ್ ಮತ್ತು ಮುಚ್ಚಳದ ತಗಡಿನ ದಪ್ಪವನ್ನು ಕೂಡಿ, ಅದರಿಂದ ಅಂಚಿನ ಉದ್ದವನ್ನು ಕಳೆದರೆ ಓವರ್‌ಲ್ಯಾಪ್ ಸಿಗುತ್ತದೆ. ಬಾಡಿ ಹುಕ್ 2.05, ಕವರ್ ಹುಕ್ 1.95, ತಗಡು 0.25, ಅಂಚಿನ ಉದ್ದ 3.05 ಎಂದುಕೊಂಡರೆ ಉತ್ತರ 1.20 ಮಿಲಿಮೀಟರ್.

ಶೇಕಡಾವಾರು ಲೆಕ್ಕ ಇನ್ನೂ ಉಪಯುಕ್ತ, ಏಕೆಂದರೆ ಬೇರೆ ಬೇರೆ ಅಳತೆಯ ಡಬ್ಬಿಗಳನ್ನು ಹೋಲಿಸಬಹುದು. ಇಲ್ಲಿ ಪದರಗಳ ನಡುವಿನ ಸಂದಿಗೆಂದು ತಗಡಿನ ದಪ್ಪವನ್ನು 1.1ರಿಂದ ಗುಣಿಸುತ್ತಾರೆ. ಮೇಲಿನ ಅಂಕಿಗಳಲ್ಲಿ ಓವರ್‌ಲ್ಯಾಪ್ 1.225 ಆಗುತ್ತದೆ. ಅಂಚಿನ ಒಳಗೆ ಕೊಕ್ಕೆಗಳಿಗೆ ಸಿಗುವ ಜಾಗವೆಂದರೆ ಅಂಚಿನ ಉದ್ದದಿಂದ ಮುಚ್ಚಳದ ಎರಡು ಪದರ ಮತ್ತು ಮೈಯ ಒಂದು ಪದರದ ದಪ್ಪವನ್ನು, 1.1ರಿಂದ ಗುಣಿಸಿ, ಕಳೆದದ್ದು: 3.05ರಿಂದ 0.792 ಹೋದರೆ 2.258. ಅಲ್ಲಿಗೆ ಓವರ್‌ಲ್ಯಾಪ್ ಶೇಕಡಾ 54. ಸಾಮಾನ್ಯವಾಗಿ 45ಕ್ಕಿಂತ ಕೆಳಗಿಳಿದರೆ ಯಂತ್ರವನ್ನು ನಿಲ್ಲಿಸಬೇಕು. ಬಾಡಿ ಹುಕ್ ಆ ಒಳಜಾಗವನ್ನು ಎಷ್ಟು ತುಂಬಿದೆ ಎಂಬುದನ್ನೂ ಹೀಗೆಯೇ ನೋಡುತ್ತಾರೆ: 2.05ರಿಂದ ಮೈಯ ತಗಡಿನ 0.242 ಕಳೆದು 2.258ರಿಂದ ಭಾಗಿಸಿದರೆ ಶೇಕಡಾ 80. ಇದು 70ಕ್ಕಿಂತ ಕಡಿಮೆಯಾದರೆ ಕೊಕ್ಕೆಯ ತುದಿ ಕಾಂಪೌಂಡಿನೊಳಗೆ ಹುದುಗಿರುವುದಿಲ್ಲ, ಕೊಕ್ಕೆಗಳು ಸಿಕ್ಕಿಕೊಂಡಿದ್ದರೂ ಗಾಳಿಗೆ ದಾರಿ ಉಳಿದಿರುತ್ತದೆ.

ಅಳತೆಯಿಂದ ಕಾರಣಕ್ಕೆ

ಬಾಡಿ ಹುಕ್ ಮಾತ್ರ ಗಿಡ್ಡವಾಗಿದ್ದರೆ ಲಿಫ್ಟರ್ ಕಡೆ ಹೋಗಿ. ಒತ್ತಡ ಕಡಿಮೆಯಿರಬಹುದು, ಫ್ಲ್ಯಾಂಜ್ ಸರಿಯಾಗಿ ಬಾಗದೇ ಇರಬಹುದು. ಕವರ್ ಹುಕ್ ಗಿಡ್ಡವಾಗಿದ್ದರೆ ಮೊದಲ ರೋಲ್ ಸಡಿಲವಿದೆ ಅಥವಾ ಅದರ ತೋಡು ಸವೆದಿದೆ. ಕೊಕ್ಕೆಗಳ ಉದ್ದ ಸರಿಯಿದ್ದು ಸುಕ್ಕು ಮಾತ್ರ ಹೆಚ್ಚಿದ್ದರೆ, ಆಗ, ಆಗ ಮಾತ್ರ, ಎರಡನೆಯ ರೋಲನ್ನು ಬಿಗಿಮಾಡಿ. ಅಂಚಿನ ಮೇಲ್ತುದಿ ಹರಿತವಾಗಿದ್ದರೆ ಕಾರಣಗಳು ಹಲವು: ರೋಲ್ ಅತಿ ಬಿಗಿ, ಚಕ್ ಸವೆದದ್ದು, ರೋಲಿಗೆ ಮೇಲೆ ಕೆಳಗೆ ಆಟ, ಲಿಫ್ಟರ್‌ನ ಅತಿಯಾದ ಒತ್ತಡ. ಪಕ್ಕದ ಹೊಲಿಗೆಯ ಜಾಗದಲ್ಲಿ ಮಾತ್ರ ಹರಿತವಿದ್ದರೆ ಅಲ್ಲಿ ಹೊಲಿಗೆ ದಪ್ಪಗೆ ಕುಳಿತಿದೆ, ದೋಷ ನಿಮ್ಮ ಯಂತ್ರದ್ದಲ್ಲ. ಹೊರಬದಿಯಲ್ಲಿ ಒಂದೊಂದು ಡಬ್ಬಿಯಲ್ಲಿ ಒಂದೊಂದು ಜಾಗದಲ್ಲಿ ಜೋಲು ಬರುತ್ತಿದ್ದರೆ ಮಡಿಕೆಯೊಳಗೆ ತಿರುಳಿನ ನಾರೋ ಹಣ್ಣಿನ ತುಂಡೋ ಸಿಕ್ಕಿಬಿದ್ದಿದೆ. ತುಂಬುವವರಿಗೆ ಹೇಳಿ ಫ್ಲ್ಯಾಂಜನ್ನು ಒರೆಸುವ ವ್ಯವಸ್ಥೆ ಮಾಡಿ.

ಒಮ್ಮೆಗೆ ಒಂದೇ ಹೊಂದಾಣಿಕೆಯನ್ನು ಬದಲಿಸಿ, ಪ್ರತಿ ಬದಲಾವಣೆಯ ನಂತರ ಎರಡು ಡಬ್ಬಿಗಳನ್ನಾದರೂ ಬಿಚ್ಚಿ ನೋಡಿ. ಎರಡು ಬೋಲ್ಟ್‌ಗಳನ್ನು ಒಟ್ಟಿಗೆ ತಿರುಗಿಸಿದವನಿಗೆ ಯಾವುದು ಕೆಲಸ ಮಾಡಿತೆಂಬುದು ಗೊತ್ತಾಗುವುದಿಲ್ಲ. ತೆಳ್ಳಗಿನ ಪದಾರ್ಥವನ್ನು ಮುಚ್ಚುವವರು ಹೊಸ ಯಂತ್ರ ಕೊಳ್ಳುವಾಗ ಡಬ್ಬಿ ತಿರುಗುವ ಬದಲು ರೋಲ್‌ಗಳೇ ನಿಂತ ಡಬ್ಬಿಯ ಸುತ್ತ ತಿರುಗುವ ಮಾದರಿಯನ್ನು ವಿಚಾರಿಸಬೇಕು, ಚೆಲ್ಲುವ ರಸ ಅಂಚಿನಲ್ಲಿ ಸಿಕ್ಕಿಕೊಳ್ಳುವ ತೊಂದರೆ ಅಲ್ಲಿ ಬಹಳ ಕಡಿಮೆ.

ಅಂಚು ಸರಿಯಿದ್ದರೂ ಕುದಿಸಿದ ನಂತರದ ಅರ್ಧ ಗಂಟೆ ಜೋಪಾನವಾಗಿರಬೇಕು. ಬಿಸಿಗೆ ಕಾಂಪೌಂಡ್ ಮೆದುವಾಗಿರುತ್ತದೆ, ಡಬ್ಬಿ ತಣಿಯುತ್ತಾ ಒಳಗೆ ನಿರ್ವಾತ ಉಂಟಾಗುತ್ತದೆ, ಆ ಎಳೆತಕ್ಕೆ ಕಣ್ಣಿಗೆ ಕಾಣದಷ್ಟು ತಣ್ಣೀರು ಅಂಚಿನ ಮೂಲಕ ಒಳಹೋಗಬಲ್ಲದು. ತಣಿಸುವ ನೀರಿಗೆ ಕ್ಲೋರಿನ್ ಹಾಕುವುದು ಇದಕ್ಕಾಗಿಯೇ. ಒದ್ದೆಯಾದ ಬಿಸಿ ಡಬ್ಬಿಗಳನ್ನು ಬರಿಗೈಯಲ್ಲಿ ಎತ್ತಿ ಒಂದಕ್ಕೊಂದು ಬಡಿಯುವಂತೆ ರಾಶಿ ಹಾಕುವ ಅಭ್ಯಾಸವನ್ನು ಮೊದಲು ನಿಲ್ಲಿಸಿ.

ಪ್ರತಿ ಪರೀಕ್ಷೆಯ ದಿನಾಂಕ, ಗಂಟೆ, ಹೆಡ್ಡಿನ ಸಂಖ್ಯೆ, ಡಬ್ಬಿಯ ಮೇಲೆ ಒತ್ತಿದ ಸಂಕೇತ, ಮೂರು ಜಾಗಗಳ ಅಳತೆ, ಏನನ್ನು ಬದಲಿಸಿದಿರಿ ಎಂಬುದನ್ನು ಪುಸ್ತಕದಲ್ಲಿ ಬರೆಯಿರಿ. ಅಳತೆ ಮಿತಿ ಮೀರಿದ್ದು ಕಂಡರೆ ಹಿಂದಿನ ಸರಿಯಾದ ಪರೀಕ್ಷೆಯಿಂದ ಈಚೆಗೆ ಮುಚ್ಚಿದ ಎಲ್ಲ ಡಬ್ಬಿಗಳನ್ನೂ ಬೇರೆ ಇಡಬೇಕಾಗುತ್ತದೆ, ಎಲ್ಲಿಂದ ಎಲ್ಲಿಗೆ ಎಂದು ಹೇಳುವುದು ಆ ಪುಸ್ತಕವೇ. ಕೈಹಿಡಿದು ಕಲಿಸುವವರು ಬೇಕೆಂದರೆ ಮೈಸೂರಿನ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯವಿದೆ. 1950ರಲ್ಲಿ ಆರಂಭವಾದ ಆ ಸಂಸ್ಥೆಯಲ್ಲಿ ಆಹಾರ ಸಂಸ್ಕರಣೆಯ ತರಬೇತಿಗಳು ನಡೆಯುತ್ತವೆ. ಹೋಗುವಾಗ ನಿಮ್ಮ ಯಂತ್ರದಿಂದ ಮುಚ್ಚಿದ ಹತ್ತು ಡಬ್ಬಿಗಳನ್ನು ಒಯ್ಯಿರಿ, ಆಯ್ದದ್ದಲ್ಲ, ಸಾಲಿನಿಂದ ಸುಮ್ಮನೆ ಎತ್ತಿದ್ದು.